ಹಳೆಯ ಕಾನ್ವೆಂಟ್ ಕಟ್ಟಡ ಮತ್ತು ಅಂಗಳದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಬೇಸಿಗೆ ರಜೆಯಲ್ಲಿ ಹಳೆಯ ಕಾನ್ವೆಂಟ್ ಕಟ್ಟಡದ ಹೆಂಚು ಕೈಯಾಡಿಸುವ ಕೆಲಸವಿದೆ. ಜೂನ್ ಮಳೆ ಹಿಡಿಯುವ ಮೊದಲೇ ಅದು ಮುಗಿಯಬೇಕು. ಮಾಡು ಬಿಚ್ಚಿದಾಗ ಮಾತ್ರ ಕಾಣಸಿಗುವ ಸಂಗತಿಗಳು ಬಹಳ ಇರುವುದರಿಂದ, ಶಾಲೆ ತೆರೆದ ಮೇಲೆ ಎಂಟನೇ ತರಗತಿಯ ಮಕ್ಕಳಿಂದ ಈ ಕಟ್ಟಡದ ಮತ್ತು ಅಂಗಳದ ಚರಿತ್ರೆ ಬರೆಸಲಿದ್ದೇವೆ. ಅದಕ್ಕೆ ನಿಮ್ಮ ನೆರವು ಬೇಕು.

ಈ ಕಟ್ಟಡ 1865ರದ್ದು ಎಂಬ ಮಾತು ಊರಿನಲ್ಲಿ ಚಾಲ್ತಿಯಲ್ಲಿದೆ. ಒಡೆದ ಹೆಂಚಿನ ಬೆನ್ನ ಮೇಲೆ 'ಬಾಸೆಲ್ ಮಿಷನ್, 1865' ಎಂಬ ಅಚ್ಚು ನೋಡಿದವರು ಹಾಗೆ ತಿಳಿದಿದ್ದಾರೆ. ಅದು ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಎಷ್ಟೋ ವರ್ಷಗಳ ನಂತರದ ಹೆಂಚಿಗೂ ಅದೇ ಅಚ್ಚು ಬಿದ್ದಿದೆ. ಮಂಗಳೂರಿನ ಇನ್ನೊಂದು ಕಂಪನಿಯಾದ ಅಲ್ಬುಕರ್ಕ್‌ನ ಹೆಂಚಿನ ಮೇಲಿನ 1868ಕ್ಕೂ ಇದೇ ಮಾತು. ಕಾಲ ಗುರುತಿಸಲು ನೆರವಾಗುವುದು ಕಂಪನಿಯ ಹೆಸರು. ಮೊದಲ ಮಹಾಯುದ್ಧದ ವೇಳೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಬಂದವು. ಹಾಗಾಗಿ 'ಕಾಮನ್‌ವೆಲ್ತ್' ಎಂಬ ಅಚ್ಚಿರುವ ಹೆಂಚು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆದರೆ ಹೆಂಚು ಬದಲಾದ ಮಾತ್ರಕ್ಕೆ ಗೋಡೆಯೂ ಹೊಸದೆಂದು ಅಲ್ಲ. ಮಕ್ಕಳಿಗೆ ಮೊದಲು ಕಲಿಸಬೇಕಾದ ಎಚ್ಚರಿಕೆ ಇದು. ಮಾಡಿನ ಯಾವ ಇಳಿಜಾರಿನಲ್ಲಿ ಯಾವ ಕಂಪನಿಯ ಹೆಂಚು ಎಷ್ಟಿದೆ ಎಂದು ಎಣಿಸಿ ನಕ್ಷೆ ಮಾಡಿಸುತ್ತೇವೆ. ನೂರು ಚದರ ಅಡಿಗೆ ಸುಮಾರು 150 ಹೆಂಚು ಹಿಡಿಯುತ್ತದೆ.

ಕೆಲಸದವರಿಗೂ ಈ ನಕ್ಷೆ ಬೇಕು. ಬೇರೆ ಬೇರೆ ಕಂಪನಿಯ ಹೆಂಚುಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಬೆರೆಸಿ ಹೊದಿಸಿದರೆ ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ, ಗಾಳಿ ಮಳೆಗೆ ನೀರು ಒಳಗೆ ನುಗ್ಗುತ್ತದೆ. ಒಂದು ಇಳಿಜಾರಿಗೆ ಒಂದೇ ಕಂಪನಿಯ ಹೆಂಚು ಎಂಬುದು ಈ ಬಾರಿಯ ನಿಯಮ. ಒಡೆದ ಚೂರನ್ನು ನೆನಪಿಗೆಂದು ದಯವಿಟ್ಟು ಯಾರೂ ಒಯ್ಯಬೇಡಿ, ಅಚ್ಚಿರುವ ಚೂರು ನಮಗೆ ದಾಖಲೆ.

ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 'ಇಷ್ಟು ಖರ್ಚು ಮಾಡುವಾಗ ಸಿಮೆಂಟ್ ಗಾರೆಯನ್ನೇ ಹಾಕಿಸಿಬಿಡಿ' ಎಂದು ಹಲವು ಪೋಷಕರು ಕಾಳಜಿಯಿಂದಲೇ ಕೇಳಿದ್ದಾರೆ. ಹಾಕಿಸುವುದಿಲ್ಲ. ಸುಣ್ಣದ ಗಾರೆಯ ಹಳೆಯ ಗೋಡೆ ನೆಲದಿಂದ ತೇವ ಹೀರುತ್ತದೆ, ಬಿಸಿಲು ಬಂದಾಗ ಮೈಯಿಂದಲೇ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮೇಲೇರುತ್ತದೆ, ಅದರ ಜೊತೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಪದರವನ್ನು ದೂಡುತ್ತದೆ. ಊಟದ ಕೋಣೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಹಿಂದೊಮ್ಮೆ ಸಿಮೆಂಟ್ ಮೆತ್ತಿದ ಭಾಗ ಟೊಳ್ಳು ಸದ್ದು ಕೊಡುತ್ತದೆ. ಆಯಿಲ್ ಪೇಂಟ್ ಮಾಡುವುದೂ ಇದೇ ಹಾನಿಯನ್ನೇ. ಅದನ್ನೆಲ್ಲ ಕೆತ್ತಿ ತೆಗೆದು, ಕನಿಷ್ಠ ಮೂರು ವಾರ ನೀರಿನಲ್ಲಿ ಕಳಿತ ಸುಣ್ಣ ಒಂದು ಪಾಲಿಗೆ ಮೂರು ಪಾಲು ಮರಳು ಬೆರೆಸಿ ಗಾರೆ ಮಾಡಿಸುತ್ತೇವೆ. ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಬೇಕು, ಒಂದು ಪದರ ಅರ್ಧ ಇಂಚು ಮೀರಬಾರದು, ವಾರವಾದರೂ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಅವಸರ ಮಾಡಿದರೆ ಕೂದಲು ಬಿರುಕು ಖಂಡಿತ. ಅಲ್ಲಿಯವರೆಗೆ ಮಕ್ಕಳು ಸಭಾಂಗಣದಲ್ಲಿ ಊಟ ಮಾಡುತ್ತಾರೆ.

ಕಾನ್ವೆಂಟ್ ಎಂದರೆ ಈಗ ನಮಗೆ ಇಂಗ್ಲಿಷ್ ಶಾಲೆ. ಮೂಲದಲ್ಲಿ ಅದು ಸಿಸ್ಟರ್‌ಗಳು ಒಟ್ಟಾಗಿ ಬಾಳುವ ಮನೆ. ಬಾವಿ, ಅಡುಗೆಮನೆ, ತರಕಾರಿ ಹಿತ್ತಿಲು, ಪ್ರಾರ್ಥನಾ ಮಂದಿರ ಒಂದೇ ಆವರಣದಲ್ಲಿ ಇರುವುದು ಅದಕ್ಕೇ. ಆಟದ ಮೈದಾನದ ಅಂಚಿನ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ, ಕಾಫಿ ತೋಟಗಳಿಗೆ ನೆರಳೆಂದು ಈ ಜಿಲ್ಲೆಗೆ ಬಂದದ್ದು. ಅದರ ಎಲೆ ಉದುರಿ ಮಾಡಿನ ದೋಣಿ (ಮಳೆನೀರು ಹರಿದು ಹೋಗುವ ಕಾಲುವೆ) ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ, ಆದ್ದರಿಂದ ಮೇ ಕೊನೆಗೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ದೋಣಿಯ ಕಸ ತೆಗೆಸುತ್ತೇವೆ. ಮರದ ಬುಡಕ್ಕೆ ಕಾರು ನಿಲ್ಲಿಸಬೇಡಿ, ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ.

ಇನ್ನು ಕಾಗದಪತ್ರ. ನಿಮ್ಮ ಮನೆಯಲ್ಲಿ ಈ ಆಸುಪಾಸಿನ ಹಳೆಯ ಕ್ರಯಪತ್ರಗಳಿದ್ದರೆ, ಅವುಗಳಲ್ಲಿ 'ಚಿಕ್ಕಮಗಳೂರು ಜಿಲ್ಲೆ' ಎಂದು ಹುಡುಕಬೇಡಿ. 1947ರವರೆಗೆ ಇದು ಕಡೂರು ಜಿಲ್ಲೆ. ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಭಾಗವನ್ನು ಗಮನವಿಟ್ಟು ಓದಿ, ನೆರೆಯ ಜಮೀನಿನ ಪತ್ರದಲ್ಲಿ ನಮ್ಮ ಗಡಿಯೂ ಬರುತ್ತದೆ. ಚರ್ಚಿನ ದಾಖಲೆಗಳಲ್ಲೂ ಇಂಥದೇ ತೊಡಕಿದೆ: 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಬೇರೆಯಾಗುವ ತನಕ ನಾವು ಮೈಸೂರಿಗೆ ಸೇರಿದ್ದೆವು. 19ನೇ ಶತಮಾನದಲ್ಲಿ ಮೈಸೂರು ಮಿಷನ್ ನಡೆಸಿದವರು ಪ್ಯಾರಿಸ್ಸಿನ ಪಾದ್ರಿಗಳಾದ್ದರಿಂದ ಫ್ರೆಂಚ್, ಲ್ಯಾಟಿನ್ ಕಾಗದಗಳೂ ಸಿಗಬಹುದು. ಅರ್ಥವಾಗಲಿಲ್ಲವೆಂದು ಬಿಸಾಡಬೇಡಿ.

ಹಳೆಯ ಸರ್ವೆ ಅಳತೆ ಸರಪಳಿ ಮತ್ತು ಆಣೆಯಲ್ಲಿದೆ. ಒಂದು ಸರಪಳಿಗೆ 33 ಅಡಿ, ಅದರಲ್ಲಿ 16 ಆಣೆ. ಸರಪಳಿ ಚದರವೇ ಒಂದು ಗುಂಟೆ, ಅಂದರೆ 1089 ಚದರ ಅಡಿ, 40 ಗುಂಟೆಗೆ ಎಕರೆ. ಮಕ್ಕಳು 33 ಅಡಿಯ ಹಗ್ಗ ಹಿಡಿದು ಅಂಗಳ ಅಳೆಯಲಿದ್ದಾರೆ. ನೈಲಾನ್ ಹಗ್ಗ ಎಳೆದರೆ ಹಿಗ್ಗುವುದರಿಂದ ಅದನ್ನು ಕಳಿಸಬೇಡಿ. ಜಮೀನು ಅಳೆದ ಅನುಭವವಿರುವ ಅಜ್ಜಂದಿರು ಮನೆಯಲ್ಲಿದ್ದರೆ ಆ ದಿನ ಖಂಡಿತ ಕರೆತನ್ನಿ.

ಹಳೆಯ ಫೋಟೋಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆಲ್ಬಮ್ಮಿಗೆ ಅಂಟಿದ್ದನ್ನು ಕಿತ್ತು ತರಬೇಡಿ, ಆಲ್ಬಮ್ಮನ್ನೇ ತನ್ನಿ. ಬಿಡಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ನಿಮ್ಮ ಹೆಸರು ಬರೆಯಿರಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಮಕ್ಕಳ ಬ್ಯಾಗಿನಲ್ಲಿ ಕಳಿಸದೆ ನೀವೇ ಕಚೇರಿಗೆ ತಂದುಕೊಟ್ಟರೆ ನಿಮ್ಮೆದುರೇ ಸ್ಕ್ಯಾನ್ ಮಾಡಿ ಆಗಲೇ ಹಿಂದಿರುಗಿಸುತ್ತೇವೆ.

ಇತಿ,
ಮುಖ್ಯ ಶಿಕ್ಷಕಿ
ಚಿಕ್ಕಮಗಳೂರು