ತಕರಾರಿಗೆ ನಿಮಿಷ, ಸೆಕೆಂಡು ಬೇಕು

ಮಾನ್ಯ ಸಂಪಾದಕರೇ,

ಧಾರ್ಮಿಕ ವಿವಾದಕ್ಕೆ ಸಿಕ್ಕಿದ ಕಾದಂಬರಿಗಳನ್ನು ಸಿನಿಮಾ ಮಾಡುವ ಬಗ್ಗೆ ನಿಮ್ಮ ಅಂಕಣದಲ್ಲಿ ಬರುತ್ತಿರುವ ಪತ್ರಗಳಲ್ಲಿ ಎರಡೂ ಕಡೆಯವರು ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ ‘ಸಂಸ್ಕಾರ’ ಸಿನಿಮಾವನ್ನು ಎಳೆದು ತರುತ್ತಿದ್ದಾರೆ. ಮಲೆನಾಡಿನವರಿಗೆ ಅದು ಮನೆಮಾತು, ತರಲಿ. ಆದರೆ ‘ಅದನ್ನು ರಾಜ್ಯ ಸರ್ಕಾರವೇ ನಿಷೇಧಿಸಿತ್ತು’ ಎಂದು ಒಬ್ಬರು, ‘ಆಗ ಯಾರೂ ತಕರಾರು ತೆಗೆದಿರಲಿಲ್ಲ’ ಎಂದು ಇನ್ನೊಬ್ಬರು ಬರೆದರೆ ಎರಡೂ ತಪ್ಪು.

ಚಿತ್ರವನ್ನು ತಡೆದದ್ದು ಆಗಿನ ಮೈಸೂರು ಸರ್ಕಾರವಲ್ಲ, ಮದ್ರಾಸಿನ ಸೆನ್ಸಾರ್ ಮಂಡಳಿ. ಜಾತಿಯ ವಿಷಯವನ್ನು ಇಷ್ಟು ನೇರವಾಗಿ ತೋರಿಸಿದರೆ ಗಲಾಟೆಯಾದೀತು ಎಂಬುದು ಅವರ ಅಂಜಿಕೆ. ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ತಡೆಯನ್ನು ತೆಗೆಯಿತು. 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಚಿತ್ರೀಕರಣ ಮೇಳಿಗೆಯಲ್ಲಿ ಆಯಿತು ಎಂದುಕೊಂಡವರಿಗೂ ಒಂದು ತಿದ್ದುಪಡಿ: ಮೇಳಿಗೆ ಅನಂತಮೂರ್ತಿಯವರ ಹುಟ್ಟೂರು, ಕಾದಂಬರಿಯಲ್ಲಿ ತೇರು ನಡೆಯುವ ಊರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಕ್ಯಾಮೆರಾ ಇಟ್ಟದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ.

1965ರಲ್ಲಿ ಪುಸ್ತಕವಾಗಿ ಬಂದ ಕಥೆಗೆ ಐದು ವರ್ಷದ ನಂತರ ಸಿನಿಮಾದಲ್ಲಿ ತಡೆ ಏಕೆ? ಒಂದು ಸನ್ನಿವೇಶ ತೆಗೆದುಕೊಳ್ಳಿ. ಹೆಂಡತಿ ತೀರಿಕೊಂಡ ಸೂತಕದಲ್ಲೇ ಕಥಾನಾಯಕ ಪ್ರಾಣೇಶಾಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಪುಸ್ತಕದಲ್ಲಿ ಆ ಊಟದ ಪ್ರತಿ ತುತ್ತಿನ ಜೊತೆಗೂ ಅವರ ಅಳುಕು, ಯಾರಾದರೂ ಗುರುತು ಹಿಡಿದಾರೆಂಬ ಭಯ, ತಮ್ಮ ಬಗ್ಗೆ ತಮಗೇ ಹುಟ್ಟುವ ಹೇಸಿಗೆ ನಡೆದಿರುತ್ತದೆ. ಕ್ಯಾಮೆರಾ ಮುಂದೆ ಅದೇ ಸನ್ನಿವೇಶ ಇಟ್ಟರೆ ಕಾಣುವುದು ಸೂತಕದಲ್ಲಿ ಉಣ್ಣುತ್ತಿರುವ ಒಬ್ಬ ಆಚಾರ್ಯ ಮಾತ್ರ. ಮನಸ್ಸಿನ ಮಾತನ್ನು ಹಿನ್ನೆಲೆ ದನಿಯಲ್ಲಿ ಹೇಳಿಸಿದರೆ ಉಪನ್ಯಾಸವಾಗುತ್ತದೆ, ಬಿಟ್ಟರೆ ಅವಹೇಳನದಂತೆ ಕಾಣುತ್ತದೆ. ವಿವಾದದ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಯಾವ ನಿರ್ದೇಶಕನಿಗೂ ಇದೇ ಕುತ್ತು. ಆದ್ದರಿಂದ ‘ಪುಸ್ತಕಕ್ಕೆ ಇಲ್ಲದ ತಕರಾರು ಸಿನಿಮಾಗೆ ಏಕೆ’ ಎಂಬ ಪ್ರಶ್ನೆ ಕೇಳಿದಷ್ಟು ಸುಲಭದ್ದಲ್ಲ. ಸಿನಿಮಾ ಬೇರೆ ಕಲೆಗಳಿಗಿಂತ ಆಳವಾಗಿ ಕಲಕುತ್ತದೆ, ಹಾಗಾಗಿ ಬಿಡುಗಡೆಗೆ ಮುಂಚಿನ ಪರಿಶೀಲನೆ ಸಂವಿಧಾನಬಾಹಿರವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ 1970ರಲ್ಲೇ, ನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ.

ತಕರಾರು ಇದ್ದವರು ಎತ್ತಲಿ. ಆದರೆ ನಮ್ಮ ಕಡೆ ಅದು ಹೋಗುವ ದಾರಿ ನೋಡಿದರೆ ಬೇಸರವಾಗುತ್ತದೆ. ತಹಶೀಲ್ದಾರರಿಗೊಂದು ಮನವಿ, ಟಾಕೀಸಿನ ಮಾಲೀಕರಿಗೊಂದು ಎಚ್ಚರಿಕೆ, ಎರಡನ್ನೂ ಕೊಡುವುದು ಚಿತ್ರ ನೋಡುವ ಮುಂಚೆ. ತಹಶೀಲ್ದಾರರಿಗೆ ಚಿತ್ರ ನಿಲ್ಲಿಸುವ ಅಧಿಕಾರ ಇಲ್ಲ. ಶಾಂತಿಭಂಗದ ಸಂಭವ ಇದೆಯೆಂದು ಪ್ರದರ್ಶನ ತಡೆಯುವ ಅಧಿಕಾರ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಇರುವುದು ಸರ್ಕಾರಕ್ಕೆ ಮತ್ತು ಲೈಸೆನ್ಸ್ ಕೊಡುವ ಜಿಲ್ಲಾ ದಂಡಾಧಿಕಾರಿಗೆ. ಅದನ್ನೂ ಮನಸ್ಸಿಗೆ ಬಂದಂತೆ ಬಳಸುವಂತಿಲ್ಲ. ಗಲಾಟೆಯ ಬೆದರಿಕೆ ಇದೆ ಎಂಬುದೊಂದೇ ಚಿತ್ರ ತಡೆಯಲು ಕಾರಣವಾಗದು, ಬೆದರಿಸುವವರನ್ನು ಹತೋಟಿಯಲ್ಲಿಡುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2006ರಲ್ಲಿ ಕ್ರೈಸ್ತರ ಆಕ್ಷೇಪಕ್ಕೆ ಸಿಕ್ಕಿದ ‘ದ ಡಾ ವಿಂಚಿ ಕೋಡ್’ ಚಿತ್ರ ಬಂದಾಗ ಸೆನ್ಸಾರ್ ಮಂಡಳಿ ‘ಎ’ (ವಯಸ್ಕರಿಗೆ ಮಾತ್ರ) ಪ್ರಮಾಣಪತ್ರ ಕೊಟ್ಟು, ಇದು ಕಲ್ಪಿತ ಕಥೆ ಎಂಬ ಸೂಚನೆಯನ್ನೂ ಹಾಕಿಸಿತ್ತು. ಆದರೂ ಕೆಲವು ರಾಜ್ಯಗಳು ನಿಷೇಧಿಸಿದವು. ಆಂಧ್ರದ ನಿಷೇಧವನ್ನು ಅಲ್ಲಿನ ಹೈಕೋರ್ಟ್ ಅದೇ ವರ್ಷ ರದ್ದು ಮಾಡಿತು. ಆದೇಶ ಹೊರಡಿಸಿದವರು ಚಿತ್ರವನ್ನೇ ನೋಡದೆ, ಬಂದ ಆಕ್ಷೇಪಗಳಿಗೆ ಯಾಂತ್ರಿಕವಾಗಿ ಒಪ್ಪಿಗೆ ಒತ್ತಿದ್ದರು!

ಇನ್ನು ಟಾಕೀಸಿನವರ ವಿಷಯ. ‘ಆ ಸೀನು ತೆಗೆದು ಓಡಿಸಿ’ ಎಂದು ಹೇಳುವುದು ರೀಲಿನ ಕಾಲದ ಮಾತು. 35 ಎಂ.ಎಂ. ರೀಲಿನಲ್ಲಿ ಒಂದು ನಿಮಿಷಕ್ಕೆ 90 ಅಡಿ. ಆಪರೇಟರ್ ಕತ್ತರಿ ಹಾಕಿ, ಟೇಪು ಅಂಟಿಸಿ ನಾಲ್ಕು ಅಡಿ ಹಾರಿಸಿದರೆ ನೋಡುವವರಿಗೆ ಒಂದು ಜರ್ಕು ಅಷ್ಟೆ. ಈಗ ಚಿತ್ರ ಬರುವುದು ಬೀಗ ಹಾಕಿದ ಡಿಜಿಟಲ್ ಕಡತವಾಗಿ. ಬೀಗ ತೆರೆಯುವ ಕೀಲಿ ಆ ಪರದೆಯ ಸರ್ವರ್‌ಗೆ, ಇಂತಿಷ್ಟು ದಿನಕ್ಕೆ ಮಾತ್ರ. ಒಳಗಿನ ಒಂದು ಫ್ರೇಮನ್ನೂ ಟಾಕೀಸಿನವರು ಮುಟ್ಟಲಾರರು. ಮುಟ್ಟಿದರೆ ಅದು ಅಪರಾಧವೂ ಹೌದು: ಪ್ರಮಾಣಪತ್ರ ಸಿಕ್ಕ ಮೇಲೆ ಚಿತ್ರವನ್ನು ತಿದ್ದಿದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಬಾಯಿಮಾತಿನ ಒತ್ತಡ ಹಾಕಿ ಚಿತ್ರ ಎತ್ತಂಗಡಿ ಮಾಡಿಸುವುದಕ್ಕೂ ಬೆಲೆ ತೆರಬೇಕು. 2019ರಲ್ಲಿ ಒಂದು ಬಂಗಾಳಿ ಚಿತ್ರದ ವಿಷಯದಲ್ಲಿ ಹಾಗಾದಾಗ ನಿರ್ಮಾಪಕರಿಗೆ 20 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಆದೇಶಿಸಿತು.

ದೆಹಲಿಯ ಸಚಿವರಿಗೆ ಬರೆದು ಪ್ರಮಾಣಪತ್ರ ರದ್ದು ಮಾಡಿಸುತ್ತೇವೆ ಎನ್ನುವವರೂ ಇದ್ದಾರೆ. ಆ ದಾರಿಯನ್ನು ಕಿರಿದು ಮಾಡಿಸಿದವರು ಕನ್ನಡದವರೇ, ನಿರ್ದೇಶಕ ಕೆ.ಎಂ. ಶಂಕರಪ್ಪ. ಮಂಡಳಿ, ಮೇಲ್ಮನವಿ ನ್ಯಾಯಮಂಡಳಿ ತೀರ್ಮಾನಿಸಿದ ಮೇಲೆ ಕೇಂದ್ರ ಸರ್ಕಾರ ಅದನ್ನು ಬದಲಿಸುವಂತಿಲ್ಲ ಎಂದು ಅವರ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 1990ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2000ದಲ್ಲಿ ಎತ್ತಿಹಿಡಿಯಿತು. 2023ರ ತಿದ್ದುಪಡಿಯಲ್ಲಿ ಆ ಅಧಿಕಾರ ಕಾಯ್ದೆಯಿಂದಲೇ ಹೋಯಿತು. ಅಂದು ‘ಸಂಸ್ಕಾರ’ವನ್ನು ಬಿಡಿಸಿದ ಸಚಿವಾಲಯ ಇಂದು ಯಾವ ಚಿತ್ರವನ್ನೂ ಹಾಗೆ ಬಿಡಿಸಲಾರದು. ಮೇಲ್ಮನವಿ ನ್ಯಾಯಮಂಡಳಿಯೂ 2021ರಲ್ಲಿ ರದ್ದಾಗಿದೆ. ನಿರ್ಮಾಪಕರ ಮೇಲ್ಮನವಿ ಈಗ ನೇರ ಹೈಕೋರ್ಟಿಗೆ. ಪ್ರೇಕ್ಷಕರಿಗೆ ಮೇಲ್ಮನವಿ ಇಲ್ಲ, ರಿಟ್ ಅರ್ಜಿ ಉಂಟು. ಸಾಗರ, ಸೊರಬದವರಿಗೆ ಹೈಕೋರ್ಟಿನ ಧಾರವಾಡ ಪೀಠ ಹತ್ತಿರ ಅನ್ನಿಸಬಹುದು, ಆದರೆ ಶಿವಮೊಗ್ಗ ಜಿಲ್ಲೆ ಬೆಂಗಳೂರು ಪೀಠಕ್ಕೆ ಸೇರಿದ್ದು.

ಕೋರ್ಟಿಗೆ ಹೋದರೂ, ಸೆನ್ಸಾರ್ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಬರೆದರೂ ದೂರು ಖಚಿತವಾಗಿರಬೇಕು. ‘ನಮ್ಮ ಭಾವನೆಗೆ ಧಕ್ಕೆಯಾಗಿದೆ’ ಎಂಬ ಒಂದೇ ಸಾಲಿನ ಮನವಿಯನ್ನು ಇಟ್ಟುಕೊಂಡು ಯಾರೂ ಏನೂ ಮಾಡಲಾಗದು. ಚಿತ್ರದ ಆರಂಭದಲ್ಲಿ ಪರದೆಯ ಮೇಲೆ ಬರುವ ಪ್ರಮಾಣಪತ್ರದ ಸಂಖ್ಯೆ, ದಿನಾಂಕ ಬರೆದುಕೊಳ್ಳಿ. ಅಲ್ಲಿಂದಲೇ ಗಡಿಯಾರ ನೋಡಿ. ದೃಶ್ಯದ ಹೊತ್ತನ್ನು ನಿಮಿಷ, ಸೆಕೆಂಡಿನಲ್ಲಿ, ಮಾತನ್ನು ಇದ್ದ ಹಾಗೇ ಬರೆಯಿರಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇಂಟರ್ವಲ್ಲಿನದು: ಅದರ ಹದಿನೈದು ನಿಮಿಷ, ಜೊತೆಗೆ ಬರುವ ಜಾಹೀರಾತಿನ ಹೊತ್ತು ಕಳೆಯದೆ ಬರೆದರೆ ನೀವು ಹೇಳಿದ ಹೊತ್ತಿನಲ್ಲಿ ಚಿತ್ರದಲ್ಲಿ ಇನ್ಯಾವುದೋ ಹಾಡು ಇರುತ್ತದೆ. ಸಾಕ್ಷಿಗೆಂದು ಮೊಬೈಲ್ ಎತ್ತಿ ಪರದೆಯನ್ನು ಚಿತ್ರೀಕರಿಸಲೇಬೇಡಿ. 2023ರ ತಿದ್ದುಪಡಿ ನಂತರ ಕಳ್ಳಪ್ರತಿಯ ಆರೋಪ ಸಾಬೀತಾದರೆ ಕನಿಷ್ಠ ಮೂರು ತಿಂಗಳ ಜೈಲು, ಕನಿಷ್ಠ ಮೂರು ಲಕ್ಷ ದಂಡ. ದೂರು ಕೊಡಲು ಹೋದವರೇ ಉತ್ತರ ಹೇಳುತ್ತಾ ಕೂರಬೇಕಾದೀತು. ಆಮೇಲೆ ದೃಶ್ಯ ಯಾವ ಮಾರ್ಗಸೂಚಿಗೆ ವಿರುದ್ಧ ಎಂದು ತೋರಿಸಬೇಕು. ಧಾರ್ಮಿಕ ಗುಂಪುಗಳನ್ನು ತುಚ್ಛೀಕರಿಸುವ ದೃಶ್ಯ, ಮಾತು ಇರಕೂಡದು ಎಂದು 1991ರ ಮಾರ್ಗಸೂಚಿಯಲ್ಲಿದೆ. ಚಿತ್ರವನ್ನು ಇಡಿಯಾಗಿ, ಅದು ತೋರಿಸುವ ಕಾಲವನ್ನು ಗಮನದಲ್ಲಿಟ್ಟು ನೋಡಬೇಕು ಎಂದೂ ಅದರಲ್ಲೇ ಇದೆ. ಮನವಿ ಬರೆಯುವವರು ಮೊದಲನೆಯದನ್ನು ಬರೆದು ಎರಡನೆಯದನ್ನು ನುಂಗುತ್ತಾರೆ.

ಕಾದಂಬರಿಯ ಪುಟಸಂಖ್ಯೆ ಹಾಕುವುದಂತೂ ವ್ಯರ್ಥ. ಪ್ರಮಾಣಪತ್ರ ಸಿಕ್ಕಿದ್ದು ಚಿತ್ರಕ್ಕೆ, ಪುಸ್ತಕಕ್ಕಲ್ಲ. ‘ಮೂಲಕ್ಕೆ ನಿಷ್ಠೆ ಇಲ್ಲ’ ಎಂಬುದೂ ಅಷ್ಟೆ: ಕೃತಿಯನ್ನು ವಿರೂಪ ಮಾಡಿದ್ದಾರೆ ಎಂದು ಕೋರ್ಟಿಗೆ ಹೋಗುವ ಹಕ್ಕು ಬರೆದವರದು. ಪೊಲೀಸ್ ಠಾಣೆಯ ದಾರಿ ಹಿಡಿಯುವವರು ನೆನಪಿಡಬೇಕಾದದ್ದು, ಧಾರ್ಮಿಕ ಭಾವನೆಗೆ ಧಕ್ಕೆ ತರುವವರ ಮೇಲಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್‌ಗೆ ನೋವಾದರೆ ಸಾಲದು, ನೋಯಿಸಲೆಂದೇ ದುರುದ್ದೇಶದಿಂದ ಮಾಡಿದ್ದು ಎಂದು ತೋರಿಸಬೇಕು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತೆಯೂ ಇಲ್ಲ.

ನೇರ ಒಟಿಟಿಗೆ ಬರುವ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಅಲ್ಲಿ ದೂರು ಹೋಗಬೇಕಾದ್ದು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ. 2021ರ ನಿಯಮದಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಬರಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ ಹಂತವಾದ ಸ್ವನಿಯಂತ್ರಣ ಸಂಸ್ಥೆಗೆ ಮತ್ತೆ 15 ದಿನದೊಳಗೆ ಹೋಗಬೇಕು, ಆ ಸ್ವೀಕೃತಿ ಅಳಿಸದೆ ಇಟ್ಟುಕೊಂಡಿರಿ.

– ಚಿತ್ರಾಸಕ್ತ ಓದುಗರು, ತೀರ್ಥಹಳ್ಳಿ