ಜಿಮ್ ಅಬಟ್ ಅವರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆ

ಎಡಗೈಯಲ್ಲಿ ಬೆರಳುಗಳಿಲ್ಲದೆ ಹುಟ್ಟಿದ ನಮ್ಮ ಮಗಳು ಈ ವಾರ ತನ್ನ ಪ್ರೌಢಶಾಲೆಯ ಸಾಫ್ಟ್‌ಬಾಲ್ (ಬೇಸ್‌ಬಾಲ್ ಹೋಲುವ ಆಟ) ತಂಡದ ಪರವಾಗಿ ಕೊನೆಯ ಪಂದ್ಯವನ್ನು ಆಡಿ ಮುಗಿಸಿದ್ದಾಳೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿರುವ ನಮಗೆ ಇಷ್ಟು ವರ್ಷ ಆಸರೆಯಾಗಿ ನಿಂತ ಅವಳ ತರಬೇತುದಾರರಿಗೆ, ತಂಡದ ಗೆಳತಿಯರಿಗೆ, ನಾವು ಕೆಲಸದಲ್ಲಿ ಸಿಕ್ಕಿಕೊಂಡ ಸಂಜೆಗಳಲ್ಲಿ ಅವಳನ್ನು ಮೈದಾನಕ್ಕೆ ಕರೆದೊಯ್ದ ಇಲ್ಲಿನ ಕನ್ನಡ ಬಳಗದವರಿಗೆ ನಾವು ಋಣಿಗಳು. ಇವರೊಂದಿಗೆ, ನಾವೆಂದೂ ಭೇಟಿಯಾಗದ ಒಬ್ಬ ನಿವೃತ್ತ ಬೇಸ್‌ಬಾಲ್ ಆಟಗಾರರನ್ನೂ ನೆನೆಯಲೇಬೇಕು.

ಜಿಮ್ ಅಬಟ್ ಇದೇ ರಾಜ್ಯದ ಫ್ಲಿಂಟ್ ನಗರದಲ್ಲಿ 1967ರಲ್ಲಿ ಹುಟ್ಟಿದವರು. ಹುಟ್ಟಿನಿಂದಲೇ ಅವರಿಗೆ ಬಲಗೈ ಪಂಜವಿಲ್ಲ. ಚೆಂಡೆಸೆಯುವಾಗ ಗ್ಲೋವನ್ನು ಬಲತೋಳಿನ ತುದಿಯಲ್ಲಿ ಇರಿಸಿಕೊಂಡು, ಎಡಗೈಯಿಂದ ಎಸೆದ ಮರುಕ್ಷಣವೇ ಆ ಕೈಯನ್ನು ಗ್ಲೋವಿನೊಳಗೆ ತೂರಿಸಿ, ಚೆಂಡು ತಮ್ಮತ್ತ ಬಂದರೆ ಹಿಡಿದು, ಗ್ಲೋವನ್ನು ಬಲತೋಳಿಗೂ ಎದೆಗೂ ನಡುವೆ ಅವುಚಿಕೊಂಡು ಚೆಂಡನ್ನು ಹೊರತೆಗೆದು ಮತ್ತೆ ಎಸೆಯುತ್ತಿದ್ದರು. ನಮ್ಮ ಮಗಳು ಅವರ ಹಳೆಯ ವಿಡಿಯೊಗಳನ್ನು ನಿಧಾನಗೊಳಿಸಿ ನೋಡಿ, ಎಡಬಲ ಅದಲುಬದಲು ಮಾಡಿ, ಗ್ಯಾರೇಜಿನ ಗೋಡೆಗೆ ಚೆಂಡೆಸೆದು ಈ ಚಲನೆಯನ್ನು ಕಲಿತಳು. ಯಾವ ತಜ್ಞರೂ ನಮಗೆ ಹೇಳಿಕೊಡಲಾಗದಿದ್ದುದನ್ನು ಅವರ ಆಟ ಅವಳಿಗೆ ಹೇಳಿಕೊಟ್ಟಿತು.

ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಆಡಿ, 1988ರ ಸೋಲ್ ಒಲಿಂಪಿಕ್ಸ್‌ನ ಪ್ರದರ್ಶನ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಜಪಾನನ್ನು ಮಣಿಸಿದ ಅಬಟ್, ಮರುವರ್ಷ ಕೆಳಹಂತದ ಮೈನರ್ ಲೀಗ್‌ನ ಮೆಟ್ಟಿಲು ಹತ್ತದೆಯೇ ಕ್ಯಾಲಿಫೋರ್ನಿಯಾ ಏಂಜೆಲ್ಸ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಆದರು. 1991ರಲ್ಲಿ ಪಿಚರ್ ಆಗಿ 18 ಪಂದ್ಯಗಳ ಗೆಲುವು ಅವರ ಹೆಸರಿಗೆ ಬಂತು. 1993ರ ಸೆಪ್ಟೆಂಬರ್ 4ರಂದು, ಕೆಲವೇ ದಿನಗಳ ಹಿಂದೆ ತಮ್ಮನ್ನು ಚೆನ್ನಾಗಿ ದಂಡಿಸಿದ್ದ ಕ್ಲೀವ್‌ಲ್ಯಾಂಡ್ ತಂಡದ ವಿರುದ್ಧ, ಒಂದೂ ಹಿಟ್ (ಬ್ಯಾಟರ್ ಚೆಂಡನ್ನು ಹೊಡೆದು ಬೇಸ್ ತಲುಪುವುದು) ಬಿಟ್ಟುಕೊಡದೆ, ನ್ಯೂಯಾರ್ಕ್ ಯಾಂಕೀಸ್‌ಗೆ 4–0 ಅಂತರದಲ್ಲಿ ಗೆಲುವು ತಂದರು.

ಜಗತ್ತು ಅವರನ್ನು ನೆನೆಯುವುದು ಆ ದಿನಕ್ಕಾಗಿ. ನಾನು ಅದಕ್ಕಿಂತ ಹೆಚ್ಚಾಗಿ ಕೃತಜ್ಞಳಾಗಿರುವುದು 1996ರ ಋತುವಿಗಾಗಿ. ಆ ವರ್ಷ ಅವರು ಗೆದ್ದದ್ದು 2, ಸೋತದ್ದು 18. ಮುಂದಿನ ವರ್ಷ ಆಡಲೇ ಇಲ್ಲ. 1998ರಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ಮರಳಿ ಐದಕ್ಕೆ ಐದೂ ಗೆದ್ದು, 1999ರಲ್ಲಿ ಮಿಲ್ವಾಕಿ ತಂಡದಲ್ಲಿ ಆಡಿ ನಿವೃತ್ತರಾದರು. ಒಟ್ಟು ವೃತ್ತಿಜೀವನದಲ್ಲಿ 87 ಗೆಲುವು, 108 ಸೋಲು. ಅಂಗವೈಕಲ್ಯವುಳ್ಳ ಮಕ್ಕಳ ಮುಂದೆ ನಾವು ಗೆದ್ದವರನ್ನು ಮಾತ್ರ ನಿಲ್ಲಿಸುತ್ತೇವೆ. ಹಾಗಾಗಿ ಪ್ರತಿ ಪಂದ್ಯದಲ್ಲೂ ತಾನು ಏನನ್ನೋ ಸಾಧಿಸಿ ತೋರಿಸಬೇಕೆಂಬ ಭಾರ ಆ ಮಕ್ಕಳ ಹೆಗಲೇರುತ್ತದೆ. ಸತತ ಸೋಲುಗಳ ಬಳಿಕ ಆಟ ಬಿಡುತ್ತೇನೆಂದು ಕುಳಿತ ಮಗಳಿಗೆ ನಾನು ಓದಿಹೇಳಿದ್ದು ಈ 1996ರ ಅಂಕಿಗಳನ್ನೇ. ಎರಡು ಕೈಗಳಿರುವ ಪಿಚರ್‌ಗಳು ಸೋಲುವಂತೆಯೇ ಅವರೂ ಸೋತಿದ್ದಾರೆ ಎಂಬುದು ಅವಳನ್ನು ಯಾವ ಹೊಗಳಿಕೆಗಿಂತಲೂ ಹೆಚ್ಚು ಹಗುರಗೊಳಿಸಿತು.

ಆಡುವ ದಿನಗಳಲ್ಲಿ ಅಬಟ್ ಇಂಥ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಪಂದ್ಯಕ್ಕೆ ಮೊದಲು ಊರೂರಲ್ಲಿ ಭೇಟಿಯಾಗುತ್ತಿದ್ದರು, ಅವರ ಪತ್ರಗಳಿಗೆ ಉತ್ತರಿಸುತ್ತಿದ್ದರು. ಆ ಸೌಜನ್ಯದ ಒಂದು ಪಾಲನ್ನಾದರೂ ಮುಂದುವರಿಸಬೇಕೆಂದು ಮಗಳು ಬಯಸಿದ್ದಾಳೆ. ಕೈ ಪೂರ್ಣವಾಗಿ ಬೆಳೆಯದ ಮಗುವಿರುವ ಯಾವುದೇ ಕನ್ನಡ ಕುಟುಂಬ ಕೇಳಿದರೂ, ಗ್ಲೋವ್ ಬದಲಾಯಿಸುವ ಬಗೆಯನ್ನು ಅವಳು ಸಂತೋಷದಿಂದ ಹೇಳಿಕೊಡುತ್ತಾಳೆ.