ಪೌರತ್ವ ಪರೀಕ್ಷೆಯ ಅಭ್ಯಾಸ ಆ್ಯಪ್‌ನ ಕನ್ನಡ ಆವೃತ್ತಿಯ ಬಗ್ಗೆ ದೂರು

ಎಡಿಸನ್, ನ್ಯೂಜೆರ್ಸಿ
18 ಮೇ 2026

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಆ್ಯಪ್‌ನ ಕನ್ನಡ ಅಭ್ಯಾಸ ಪರೀಕ್ಷೆಗಳಲ್ಲಿರುವ ತಪ್ಪುಗಳು, ಅದರಿಂದ ನನ್ನ ತಾಯಿಗೆ ಆದ ತೊಂದರೆ ಮತ್ತು ಹಣ ಮರುಪಾವತಿ ಕುರಿತು

ಮಾನ್ಯರೇ,

ಕಳೆದ ಮೂರು ವಾರಗಳಲ್ಲಿ ನಿಮಗೆ ಇಂಗ್ಲಿಷ್‌ನಲ್ಲಿ ಮೂರು ಬಾರಿ ಇಮೇಲ್ ಬರೆದಿದ್ದೇನೆ. ಮೂರಕ್ಕೂ ಒಂದೇ ಉತ್ತರ ಬಂದಿದೆ, ಒಂದಕ್ಷರವೂ ಬದಲಾಗದೆ. ಅದಕ್ಕಾಗಿ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಕನ್ನಡ ಬಲ್ಲ ತಜ್ಞರು ಸಿದ್ಧಪಡಿಸಿದ ಪ್ರಶ್ನೆಗಳು’ ಎಂದು ನಿಮ್ಮ ಆ್ಯಪ್‌ನ ಮೊದಲ ಪುಟದಲ್ಲಿದೆ. ದಯವಿಟ್ಟು ಇದನ್ನು ಆ ತಜ್ಞರ ಕೈಗೆ ಕೊಡಿ. ಅವರು ನಿಜವಾಗಿಯೂ ಇದ್ದರೆ, ನಾನು ಏನು ಹೇಳುತ್ತಿದ್ದೇನೆ ಎಂಬುದು ಮೊದಲ ಓದಿಗೇ ಅವರಿಗೆ ಅರ್ಥವಾಗುತ್ತದೆ.

ನನ್ನ ತಾಯಿಗೆ ಈಗ 63 ವರ್ಷ. ತರೀಕೆರೆಯ ಹತ್ತಿರದ ಹಳ್ಳಿಯವರು, ಎಸ್ಸೆಸ್ಸೆಲ್ಸಿವರೆಗೆ ಓದಿದವರು. 2009ರಲ್ಲಿ ಗ್ರೀನ್ ಕಾರ್ಡ್ ಪಡೆದು ನಮ್ಮ ಜೊತೆ ಇರಲು ಬಂದರು. ಹದಿನಾರು ವರ್ಷ ಅವರು ಪೌರತ್ವದ ಮಾತೆತ್ತಲಿಲ್ಲ. ಅಮೆರಿಕದ ಪ್ರಜೆಯಾಗಬೇಕೆಂದರೆ ಭಾರತದ ಪೌರತ್ವ ಬಿಡಬೇಕು, ಆ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು; ಅದು ಅವರಿಗೆ ಹಗುರವಾದ ಸಂಗತಿಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಮೊಮ್ಮಕ್ಕಳು ಇಲ್ಲೇ ಬೆಳೆಯುತ್ತಿರುವುದನ್ನು ನೋಡಿ, ಕಳೆದ ವರ್ಷ ತಾವಾಗಿಯೇ ಮನಸ್ಸು ಮಾಡಿದರು. 2025ರ ನವೆಂಬರ್‌ನಲ್ಲಿ 710 ಡಾಲರ್ ಶುಲ್ಕ ಕಟ್ಟಿ ಆನ್‌ಲೈನಿನಲ್ಲಿ ಪೌರತ್ವ ಕೋರುವ ಎನ್-400 ಅರ್ಜಿ ಹಾಕಿದೆವು. ಅದೇ ವಾರ ನಿಮ್ಮ ಆ್ಯಪ್‌ಗೆ 59 ಡಾಲರ್ ಕೊಟ್ಟು ಒಂದು ವರ್ಷದ ಚಂದಾ ಮಾಡಿದೆ.

ನಿಮ್ಮದನ್ನೇ ಆರಿಸಿದ್ದು ಏಕೆ ಎಂಬುದನ್ನು ಹೇಳಬೇಕು. 55 ವರ್ಷ ದಾಟಿ, ಗ್ರೀನ್ ಕಾರ್ಡ್ ಪಡೆದು ಇಲ್ಲಿ 15 ವರ್ಷ ವಾಸವಾಗಿರುವವರಿಗೆ ಇಂಗ್ಲಿಷ್ ಓದುವ, ಬರೆಯುವ, ಮಾತನಾಡುವ ಪರೀಕ್ಷೆಯಿಂದ ವಿನಾಯಿತಿ ಇದೆ. ಆದರೆ ಅಮೆರಿಕದ ಇತಿಹಾಸ ಮತ್ತು ಸರ್ಕಾರದ ಬಗೆಗಿನ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಅದನ್ನು ತಮ್ಮ ಭಾಷೆಯಲ್ಲಿ, ದುಭಾಷಿಯೊಬ್ಬರನ್ನು ಕರೆದುಕೊಂಡು ಹೋಗಿ ಕೊಡಬಹುದು. ಅಮ್ಮ ಕನ್ನಡದಲ್ಲಿ ಪರೀಕ್ಷೆ ಕೊಡುವವರಿದ್ದರು. ಈ ಪರೀಕ್ಷೆ ನಡೆಸುವ ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ, ಅಂದರೆ ಯುಎಸ್‌ಸಿಐಎಸ್, ತನ್ನ ಜಾಲತಾಣದಲ್ಲಿ ಪ್ರಶ್ನೆ ಮತ್ತು ಉತ್ತರಗಳನ್ನು ಉಚಿತವಾಗಿಯೇ ಹಾಕಿದೆ ಎಂಬುದು ನನಗೆ ತಿಳಿದಿತ್ತು. ನಾನು ಹಣ ಕೊಟ್ಟದ್ದು ಪ್ರಶ್ನೆಗಳಿಗಲ್ಲ, ಕನ್ನಡಕ್ಕೆ. ನೀವು ಮಾರಿದ್ದು ಕನ್ನಡದ ಅಕ್ಷರಗಳನ್ನು ಮಾತ್ರ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಮ್ಮ ಒಂದು ದಿನವೂ ತಪ್ಪಿಸದೆ ಓದಿದರು. ಬೆಳಿಗ್ಗೆ ಪೂಜೆ ಮುಗಿಸಿ, ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಗೆ ಮೊಬೈಲ್ ಒರಗಿಸಿಟ್ಟು, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಶ್ನೆಯನ್ನೂ ಉತ್ತರವನ್ನೂ ದುಂಡಗೆ ಬರೆದುಕೊಂಡರು. ಪೌರತ್ವ ಪರೀಕ್ಷೆಯ ಸಂದರ್ಶನ ಮುಗಿದು ಮನೆಗೆ ಬಂದ ರಾತ್ರಿ ನಾನು ಆ ನೋಟ್‌ಬುಕ್ಕನ್ನು ಮೊದಲ ಬಾರಿ ಪೂರ್ತಿ ಓದಿದೆ. ಮೊದಲೇ ಓದದೆ ಇದ್ದುದಕ್ಕೆ ನನಗೆ ನೋವಿದೆ. ಅದರಲ್ಲಿ ಹೀಗಿತ್ತು:

‘ಅಧ್ಯಕ್ಷರ ಬೀರು ಏನು ಮಾಡುತ್ತದೆ? ಅಧ್ಯಕ್ಷರಿಗೆ ಸಲಹೆ ನೀಡುತ್ತದೆ.’

ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಅಮ್ಮನ ಅಕ್ಷರ: ‘ಹೇಗೆ? ಕೇಳಬೇಕು.’ ನಾನು ಕೆಲಸ ಮುಗಿಸಿ ದಣಿದು ಬರುತ್ತೇನೆಂದು ಅವರು ಕೇಳಲೇ ಇಲ್ಲ. ಪುಸ್ತಕದಲ್ಲಿ ಅಚ್ಚಾದದ್ದು ಸರಿಯಾಗಿಯೇ ಇರುತ್ತದೆ ಎಂದು ನಂಬಿದ ತಲೆಮಾರು ಅದು. ಅರ್ಥವಾಗದಿದ್ದರೂ ಬಾಯಿಪಾಠ ಮಾಡಿದರು. ಇಂಗ್ಲಿಷ್ ಪ್ರಶ್ನೆಯ ‘ಕ್ಯಾಬಿನೆಟ್’ ಎಂದರೆ ಸಚಿವ ಸಂಪುಟ ಎಂಬುದು ಅವರಿಗೆ ಹೊಳೆಯುವ ದಾರಿಯೇ ಇರಲಿಲ್ಲ.

ಇನ್ನೂ ಇವೆ. ‘ರಸೀದಿಗಳನ್ನು ಕಾನೂನಾಗಿಸಲು ಸಹಿ ಹಾಕುವವರು ಯಾರು?’ ಇಲ್ಲಿ ‘ಬಿಲ್’ ಎಂದರೆ ರಸೀದಿಯಲ್ಲ, ಮಸೂದೆ. ‘ಮನೆಯ ಭಾಷಣಕಾರರ ಹೆಸರೇನು?’ ಅದು ಪ್ರತಿನಿಧಿ ಸಭೆಯ ಸ್ಪೀಕರ್. ಸರ್ಕಾರದ ಒಂದು ಅಂಗ ಅತಿಯಾಗಿ ಬಲ ಪಡೆಯದಂತೆ ತಡೆಯುವುದು ಯಾವುದು ಎಂಬುದಕ್ಕೆ ನಿಮ್ಮ ಉತ್ತರ ‘ಚೆಕ್ಕುಗಳು ಮತ್ತು ಬಾಕಿಗಳು’. ಪರಸ್ಪರ ಅಂಕುಶ ಮತ್ತು ಸಮತೋಲನ ಎಂದಿದ್ದರೆ ಯಾರಿಗೂ ಅರ್ಥವಾಗುತ್ತಿತ್ತು. ಶಸ್ತ್ರಾಸ್ತ್ರ ಹೊಂದುವ ಹಕ್ಕು ನಿಮ್ಮಲ್ಲಿ ‘ತೋಳುಗಳನ್ನು ಹೊರುವ ಹಕ್ಕು’ ಆಗಿದೆ. ಈ ಐದು ವಾಕ್ಯಗಳನ್ನು ಕನ್ನಡ ಬಲ್ಲ ಒಬ್ಬ ಮನುಷ್ಯ ಒಮ್ಮೆ ಗಟ್ಟಿಯಾಗಿ ಓದಿದ್ದರೂ ಸಾಕಿತ್ತು, ಅಲ್ಲೇ ನಿಲ್ಲಿಸುತ್ತಿದ್ದರು. ಯಾರೂ ಓದಿಲ್ಲ ಎಂಬುದೇ ನನ್ನ ಮುಖ್ಯ ದೂರು.

ಪದಗಳು ಸರಿಯಿದ್ದ ಕಡೆಯಲ್ಲೂ ವಿವೇಚನೆ ಇಲ್ಲ. ‘ರಾಷ್ಟ್ರಪಿತ ಯಾರು?’ ಎಂದು ಆ್ಯಪ್ ಕೇಳಿತಂತೆ. ಕರ್ನಾಟಕದ ಶಾಲೆಯಲ್ಲಿ ಓದಿದ ಯಾರೇ ಆಗಲಿ ಆ ಪದ ಕೇಳಿದ ಕೂಡಲೇ ಹೇಳುವ ಹೆಸರನ್ನೇ ಅಮ್ಮ ಹೇಳಿಕೊಂಡರು. ಆಯ್ಕೆಗಳಲ್ಲಿ ಗಾಂಧೀಜಿ ಇರಲಿಲ್ಲ. ಪ್ರಶ್ನೆಗೆ ‘ಅಮೆರಿಕದ’ ಎಂಬ ಒಂದು ಪದ ಸೇರಿಸಿದ್ದರೆ ಜಾರ್ಜ್ ವಾಷಿಂಗ್ಟನ್ ಹೆಸರು ಅವರಿಗೆ ತಟ್ಟನೆ ಹೊಳೆಯುತ್ತಿತ್ತು. ಯಾರಿಗಾಗಿ ಬರೆಯುತ್ತಿದ್ದೇವೆ ಎಂದು ಯೋಚಿಸುವವರು ಮಾಡುವ ಕೆಲಸ ಅದು.

ಅಮ್ಮನಿಗೆ ಈ ವಿಷಯಗಳು ಹೊಸವಲ್ಲ ಎಂಬುದನ್ನು ನೀವು ತಿಳಿಯಬೇಕು. ನಲವತ್ತು ವರ್ಷ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಅವರು. ಸಂವಿಧಾನ, ತಿದ್ದುಪಡಿ, ಮಸೂದೆ, ಸ್ಪೀಕರ್, ಸಂಪುಟ ವಿಸ್ತರಣೆ, ಎಲ್ಲವೂ ಅವರ ನಾಲಿಗೆಯ ಮೇಲಿದ್ದ ಮಾತುಗಳು. ಅವರಿಗೆ ಗೊತ್ತಿದ್ದ ಕನ್ನಡವನ್ನು ನಿಮ್ಮ ಆ್ಯಪ್ ಆರು ತಿಂಗಳು ಪಕ್ಕಕ್ಕೆ ಸರಿಸಿ, ಯಾರೂ ಎಲ್ಲೂ ಆಡದ ಮಾತುಗಳನ್ನು ತುಂಬಿತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಪೌರತ್ವ ಪರೀಕ್ಷೆ ಬದಲಾಗಿದೆ. 2025ರ ಅಕ್ಟೋಬರ್ 20ರಂದು ಅಥವಾ ಅದರ ನಂತರ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಹೊಸ ಪಟ್ಟಿ. ಅದರಿಂದ 20 ಕೇಳುತ್ತಾರೆ, 12ಕ್ಕೆ ಸರಿ ಉತ್ತರ ಕೊಡಬೇಕು. ಅದಕ್ಕಿಂತ ಮೊದಲು ಅರ್ಜಿ ಹಾಕಿದವರಿಗೆ 2008ರ ಹಳೆಯ ಪರೀಕ್ಷೆ: 100 ಪ್ರಶ್ನೆಗಳ ಪಟ್ಟಿ, 10ರವರೆಗೆ ಕೇಳುತ್ತಾರೆ, 6 ಸರಿಯಾದರೆ ಸಾಕು. ‘2025ರ ಹೊಸ ಪರೀಕ್ಷೆ ಸೇರಿದೆ’ ಎಂದು ನೀವು ಜಾಹೀರಾತು ಮಾಡಿದ್ದೀರಿ. ಸೇರಿದೆ, ಇಂಗ್ಲಿಷ್ ವಿಭಾಗದಲ್ಲಿ ಮಾತ್ರ. ಕನ್ನಡ ವಿಭಾಗದಲ್ಲಿ ಇಂದಿಗೂ ಇರುವುದು ಹಳೆಯ 100 ಪ್ರಶ್ನೆಗಳೇ. ಅದನ್ನು ಎಲ್ಲೂ ಹೇಳಿಲ್ಲ. ಅರ್ಜಿಯ ದಿನಾಂಕವನ್ನೂ ಕೇಳುವುದಿಲ್ಲ. ಆ ಹಳೆಯ ಪಟ್ಟಿಯನ್ನಾದರೂ ನೋಡಿಕೊಂಡಿದ್ದೀರೇ ಎಂದರೆ ಅದೂ ಇಲ್ಲ. ಸ್ಪೀಕರ್ ಹೆಸರು ಕೆವಿನ್ ಮೆಕಾರ್ಥಿ ಎಂದಿದೆ. ಅವರು ಆ ಸ್ಥಾನ ಕಳೆದುಕೊಂಡದ್ದು 2023ರ ಅಕ್ಟೋಬರ್‌ನಲ್ಲಿ.

ಮೂರನೆಯದನ್ನು ಚುಟುಕಾಗಿ ಹೇಳುತ್ತೇನೆ. ಈ ಪರೀಕ್ಷೆ ಬಾಯಿಮಾತಿನದು. ಅಧಿಕಾರಿ ಕೇಳುತ್ತಾರೆ, ಅರ್ಜಿದಾರರು ಹೇಳಬೇಕು. ಆರಿಸಿಕೊಳ್ಳಲು ಅಲ್ಲಿ ನಾಲ್ಕು ಆಯ್ಕೆಗಳಿರುವುದಿಲ್ಲ. ನಿಮ್ಮ ಕನ್ನಡ ವಿಭಾಗದಲ್ಲಿ ನಾಲ್ಕರಲ್ಲಿ ಒಂದನ್ನು ಒತ್ತುವುದನ್ನು ಬಿಟ್ಟರೆ ಬೇರೆ ಅಭ್ಯಾಸವೇ ಇಲ್ಲ. ಅಮ್ಮನಿಗೆ ಕೊನೆಯ ಅಭ್ಯಾಸ ಪರೀಕ್ಷೆಯಲ್ಲಿ 100ಕ್ಕೆ 92 ಬಂದಿತ್ತು. ‘ನೀವು ಸಿದ್ಧರಾಗಿದ್ದೀರಿ’ ಎಂದು ಹಸಿರು ಬಣ್ಣದ ಪಟ್ಟಿ ಬಂತು. ಅದನ್ನು ಅವರು ಮೊಮ್ಮಕ್ಕಳಿಗೆ ಕರೆದು ತೋರಿಸಿದರು.

ಏಪ್ರಿಲ್ 21ರಂದು ಸಂದರ್ಶನ. ದುಭಾಷಿಯಾಗಿ ಬಂದವರು ನಮಗೆ ಪರಿಚಯದ, ನಿವೃತ್ತ ಕನ್ನಡ ಉಪನ್ಯಾಸಕಿ. ಅಧಿಕಾರಿ ಬಹಳ ಸೌಜನ್ಯದಿಂದ ನಡೆದುಕೊಂಡರಂತೆ, ನಿಧಾನವಾಗಿ, ಬೇಕಾದ ಕಡೆ ಮತ್ತೆ ಕೇಳಿದರಂತೆ. ನಾನು ಹೊರಗೆ ಕುಳಿತಿದ್ದೆ. ಹದಿನೇಳನೇ ಪ್ರಶ್ನೆಗೆ ಪರೀಕ್ಷೆ ನಿಂತಿತು. ಎಂಟು ಸರಿ, ಒಂಬತ್ತು ತಪ್ಪು. ಒಂಬತ್ತು ತಪ್ಪಾದರೆ ಅಲ್ಲಿಗೆ ಮುಗಿಯುತ್ತದೆ.

ಆ ಒಂಬತ್ತನ್ನು ನಾವು ಮೂವರೂ ಕುಳಿತು ನೆನಪಿಸಿಕೊಂಡು ಬರೆದಿಟ್ಟಿದ್ದೇವೆ. ಐದು ಪ್ರಶ್ನೆಗಳು ನಿಮ್ಮ ಕನ್ನಡ ವಿಭಾಗದಲ್ಲಿ ಇರಲೇ ಇಲ್ಲ: ಎಲೆಕ್ಟೋರಲ್ ಕಾಲೇಜ್ ಏಕೆ ಮುಖ್ಯ, ಹತ್ತನೇ ತಿದ್ದುಪಡಿಯ ಉದ್ದೇಶವೇನು, ಅಲೆಕ್ಸಾಂಡರ್ ಹ್ಯಾಮಿಲ್ಟನ್ ಯಾವುದಕ್ಕೆ ಪ್ರಸಿದ್ಧರು, ಅಮೆರಿಕ ಕೊರಿಯಾ ಯುದ್ಧಕ್ಕೆ ಏಕೆ ಇಳಿಯಿತು, ‘ಇ ಪ್ಲುರಿಬಸ್ ಯೂನಮ್’ ಎಂಬ ಧ್ಯೇಯವಾಕ್ಯದ ಅರ್ಥವೇನು. ಮೂರು ಪ್ರಶ್ನೆಗಳು ನಿಮ್ಮಲ್ಲಿ ಇದ್ದವು, ಆದರೆ ನಿಮ್ಮ ಭಾಷೆಯಿಂದಲೋ ಹಳೆಯ ಉತ್ತರದಿಂದಲೋ ಕೆಟ್ಟವು. ಸ್ಪೀಕರ್ ಹೆಸರು ಕೇಳಿದಾಗ ಅಮ್ಮ ಮೆಕಾರ್ಥಿ ಎಂದರು. ಮಸೂದೆಗಳನ್ನು ವೀಟೊ ಮಾಡುವವರು ಯಾರು ಎಂದಾಗ, ಈ ಪ್ರಶ್ನೆಯನ್ನು ತಾವು ಓದಿಯೇ ಇಲ್ಲ ಎನಿಸಿ ಗಾಬರಿಯಾಗಿ ಸುಮ್ಮನಾದರು. ಓದಿದ್ದರು, ರಸೀದಿ ಎಂದು. ಇನ್ನೊಂದನ್ನು ಅವರು ನಿಜವಾಗಿಯೂ ಮರೆತಿದ್ದರು; ಅದರ ಹೊಣೆಯನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ಉಳಿದದ್ದು ಬೀರು. ಉಪನ್ಯಾಸಕಿ ಸರಿಯಾಗಿಯೇ ಕೇಳಿದರು: ‘ಅಧ್ಯಕ್ಷರ ಸಚಿವ ಸಂಪುಟ ಏನು ಮಾಡುತ್ತದೆ?’ ಅಮ್ಮ, ತಮಗೆ ಗೊತ್ತಿದ್ದ ವಿಷಯವೊಂದು ಕೊನೆಗೂ ಬಂತೆಂದು ಖುಷಿಯಿಂದ, ‘ಸರ್ಕಾರ ನಡೆಸುತ್ತದೆ’ ಎಂದರು. ನಮ್ಮ ದೇಶದ ಮಟ್ಟಿಗೆ ಅದು ತಪ್ಪಲ್ಲ. ಇಲ್ಲಿ ಸಂಪುಟ ಅಧ್ಯಕ್ಷರಿಗೆ ಸಲಹೆ ಕೊಡುತ್ತದೆ, ಅಧಿಕಾರ ಅಧ್ಯಕ್ಷರದು. ಕಲಿಯಬೇಕಾಗಿದ್ದ ವ್ಯತ್ಯಾಸ ಅದೊಂದೇ. ಸಂಪುಟ ಎಂಬ ಪದ ನೋಟ್‌ಬುಕ್ಕಿನಲ್ಲಿದ್ದಿದ್ದರೆ ಆ ವ್ಯತ್ಯಾಸ ಮೊದಲ ದಿನವೇ ಅವರ ಕಣ್ಣಿಗೆ ಬೀಳುತ್ತಿತ್ತು.

ಕಾರಿನಲ್ಲಿ ಬರುವಾಗ ಅಮ್ಮ ಒಂದೇ ಮಾತು ಆಡಿದರು: ‘ನನ್ನ ತಲೆಗೆ ಈಗ ಹತ್ತುವುದಿಲ್ಲ, ಬಿಡು.’ ಆರು ತಿಂಗಳು ಕಷ್ಟಪಟ್ಟು ಓದಿದ ಹೆಂಗಸು ದೋಷ ತನ್ನದೇ ಎಂದುಕೊಂಡರು. 59 ಡಾಲರಿಗಿಂತ ನನಗೆ ಸಹಿಸಲಾಗದೆ ಇರುವುದು ಇದು.

ಈಗ ನಿಮ್ಮ ಉತ್ತರದ ವಿಷಯಕ್ಕೆ ಬರುತ್ತೇನೆ. ‘ಮೊದಲ ಪ್ರಯತ್ನದಲ್ಲೇ ಪಾಸು, ಇಲ್ಲವಾದರೆ ಪೂರ್ಣ ಹಣ ವಾಪಸ್’ ಎಂಬ ಭರವಸೆಯನ್ನು ನೀವು ಕನ್ನಡದಲ್ಲೂ ಅಚ್ಚು ಮಾಡಿದ್ದೀರಿ. ಹಣ ಕೇಳಿದಾಗ, ಇಂಗ್ಲಿಷ್‌ನಲ್ಲಿ ಪರೀಕ್ಷೆ ಕೊಟ್ಟವರಿಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಬರೆದಿರಿ. ಆ ಷರತ್ತು ಇರುವುದು ಇಂಗ್ಲಿಷ್ ನಿಯಮಗಳ ಪುಟದಲ್ಲಿ. ಕನ್ನಡ ಪುಟದಲ್ಲಿ ಅದರ ಸುಳಿವೂ ಇಲ್ಲ. ಎರಡೂ ಪುಟಗಳ ಚಿತ್ರಗಳನ್ನು ಲಗತ್ತಿಸಿದ್ದೇನೆ. ಇಂಗ್ಲಿಷ್ ಬಾರದವರನ್ನು ಕನ್ನಡದಲ್ಲಿ ಕರೆದು, ಹಣ ಪಡೆದು, ಅವರು ಓದಲಾಗದ ಭಾಷೆಯಲ್ಲಿ ಷರತ್ತು ಬರೆದಿಡುವುದು ಮೋಸ. ಬೇರೆ ಪದ ನನಗೆ ತೋಚುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಕಟ್ಟಿದ 59 ಡಾಲರನ್ನು ಪೂರ್ತಿಯಾಗಿ ಹಿಂದಿರುಗಿಸಿ. ಕನ್ನಡ ವಿಭಾಗವನ್ನು ಕೂಡಲೇ ಮಾರಾಟದಿಂದ ತೆಗೆಯಿರಿ. ಕನ್ನಡ ಬಲ್ಲವರು ಸಾಲು ಸಾಲಾಗಿ ಓದಿ ತಿದ್ದಿದ ಮೇಲೆ, 128 ಪ್ರಶ್ನೆಗಳೂ ಸೇರಿದ ಮೇಲೆ, ಮತ್ತೆ ಹಾಕಿ. ಎಲ್ಲಕ್ಕಿಂತ ತುರ್ತಾದದ್ದು, ಅದನ್ನು ಈಗಾಗಲೇ ಕೊಂಡಿರುವ ಪ್ರತಿಯೊಬ್ಬರಿಗೂ, ನಿಮ್ಮ ಅರ್ಜಿ 2025ರ ಅಕ್ಟೋಬರ್ 20ರಂದು ಅಥವಾ ಅದರ ನಂತರ ಹಾಕಿದ್ದಾದರೆ ಈ ಪಟ್ಟಿ ನಿಮ್ಮ ಪರೀಕ್ಷೆಯದಲ್ಲ ಎಂದು ಈ ವಾರವೇ ತಿಳಿಸಿ. ನಾಳೆಯೋ ನಾಡಿದ್ದೋ ಸಂದರ್ಶನಕ್ಕೆ ಹೋಗುವ ಇನ್ನೊಬ್ಬ ತಾಯಿ ಎಲ್ಲೋ ಕುಳಿತು ಬೀರು, ರಸೀದಿ ಎಂದು ಉರು ಹೊಡೆಯುತ್ತಿರಬಹುದು. ಅವರ ಇಮೇಲ್ ವಿಳಾಸ ನಿಮ್ಮ ಬಳಿ ಇದೆ, ನನ್ನ ಬಳಿ ಇಲ್ಲ.

ನಿಯಮದ ಪ್ರಕಾರ 60ರಿಂದ 90 ದಿನಗಳ ಒಳಗೆ ಅಮ್ಮನಿಗೆ ಇನ್ನೊಂದು ಅವಕಾಶ ಇದೆ. ಜೂನ್ ಕೊನೆಯ ವಾರಕ್ಕೆ ದಿನಾಂಕ ಬಂದಿದೆ. ನಾನು ಮತ್ತು ಆ ಉಪನ್ಯಾಸಕಿ ಯುಎಸ್‌ಸಿಐಎಸ್‌ನ ಪಟ್ಟಿಯನ್ನು ಮುಂದಿಟ್ಟುಕೊಂಡು ರಾತ್ರಿ ಹೊತ್ತು ಕನ್ನಡಕ್ಕೆ ತರುತ್ತಿದ್ದೇವೆ. 90 ಪ್ರಶ್ನೆಗಳು ಮುಗಿದಿವೆ. ಮುಗಿದ ಮೇಲೆ ಕೇಳಿದವರಿಗೆಲ್ಲ ಉಚಿತವಾಗಿ ಕೊಡುತ್ತೇವೆ. ಅಮ್ಮ ಹೊಸ ನೋಟ್‌ಬುಕ್ ಶುರು ಮಾಡಿದ್ದಾರೆ. ಈಗ ನಾವು ಆಯ್ಕೆಗಳನ್ನು ಕೊಡದೆ ಬಾಯಿಮಾತಿನಲ್ಲೇ ಕೇಳುತ್ತೇವೆ, ಅವರು ಅಡುಗೆ ಮಾಡುತ್ತಲೇ ಹೇಳುತ್ತಾರೆ.

ಮೇ 31ರೊಳಗೆ ಲಿಖಿತ ಉತ್ತರ ಬೇಕು. ಹಿಂದಿನ ಮೂರರ ನಕಲು ಬೇಡ. ಬಾರದಿದ್ದರೆ ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನು ಲಗತ್ತುಗಳ ಸಮೇತ ನ್ಯೂಜೆರ್ಸಿ ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗಕ್ಕೂ ಫೆಡರಲ್ ಟ್ರೇಡ್ ಕಮಿಷನ್‌ಗೂ ಜೂನ್ 1ರಂದು ಕಳುಹಿಸುತ್ತೇನೆ.

ಇಂತಿ,
ನಿಮ್ಮ ಆ್ಯಪ್‌ನ ವಾರ್ಷಿಕ ಚಂದಾದಾರಳು

ಲಗತ್ತುಗಳು: ಹಣ ಪಾವತಿಯ ರಸೀದಿ; ಕನ್ನಡ ಮತ್ತು ಇಂಗ್ಲಿಷ್ ನಿಯಮ ಪುಟಗಳ ಚಿತ್ರಗಳು; ತಪ್ಪಿರುವ 41 ಪ್ರಶ್ನೆಗಳ ಚಿತ್ರಗಳು, ಪ್ರತಿಯೊಂದರ ಕೆಳಗೆ ಸರಿಯಾದ ಕನ್ನಡದೊಂದಿಗೆ; ಅಮ್ಮನ ನೋಟ್‌ಬುಕ್ಕಿನ ಎರಡು ಪುಟಗಳ ಪ್ರತಿ